ರೋಬಾಟ್ ಓಡುತ್ತಿದೆ, ಮಾಲು ಹೊರಡುತ್ತಿಲ್ಲ

ಪ್ರಶ್ನೆ: ಹರಿಹರದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಪಂಪು, ಟ್ರ್ಯಾಕ್ಟರ್‌ಗೆ ಬೇಕಾದ ಶಾಫ್ಟ್, ಬುಷ್, ಹಬ್ ಮಾಡುತ್ತೇವೆ. ಸಾಲ ಮಾಡಿ ಸಿಎನ್‌ಸಿ ಲೇತು (ಕಂಪ್ಯೂಟರ್ ನಡೆಸುವ ಲೇತು) ಮತ್ತು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ನಡುವೆ ರೋಬಾಟ್ ಕೂರಿಸಿ ಐದು ವಾರವಾಯಿತು. ಮೊದಲು ಅಲ್ಲಿಂದ ದಿನಕ್ಕೆ 110 ಪೀಸ್ ಬರುತ್ತಿತ್ತು, ಈಗ 180 ಬರುತ್ತಿದೆ. ಆಮೇಲೆ ಹಾರ್ಡನಿಂಗ್‌ಗೆ (ಕಾಯಿಸಿ ಗಟ್ಟಿ ಮಾಡಿಸಲು) ಹೊರಗೆ ಕಳಿಸಿ, ವಾಪಸ್ ಬಂದದ್ದನ್ನು ಸಾಣೆಚಕ್ರದಲ್ಲಿ ಗ್ರೈಂಡ್ ಮಾಡುತ್ತೇವೆ. ಗ್ರೈಂಡರ್ ಒಂದೇ ಇದೆ, ಹಳೆಯದು. ಡಿಸ್ಪ್ಯಾಚ್ ಮಾತ್ರ ದಿನಕ್ಕೆ 120 ದಾಟುತ್ತಿಲ್ಲ. ಪಾರ್ಟಿಗೆ ಎಂಟು ದಿನ ಅಂದದ್ದು ಹದಿನೈದಾಗುತ್ತಿದೆ. ಶೆಡ್ಡಿನಲ್ಲಿ ಅರೆಬರೆ ಆದ ಮಾಲು ಸುಮಾರು 1800 ಪೀಸ್ ಬಿದ್ದಿದೆ. ಜೊತೆಗೆ, ಶಾಫ್ಟ್ ಓಡುವಾಗ ರೋಬಾಟ್ ಒಮ್ಮೊಮ್ಮೆ ಯಾವ ಅಲಾರಂ ಇಲ್ಲದೆ ಸುಮ್ಮನೆ ನಿಂತುಬಿಡುತ್ತದೆ. ರೀಸೆಟ್ ಮಾಡಿದರೂ ಹೊರಡುವುದಿಲ್ಲ, ಕೈಯಿಂದ ಒಂದು ಪೀಸ್ ತೆಗೆದರೆ ಹೊರಡುತ್ತದೆ. ಶೆಡ್ಯೂಲಿಂಗ್ ಸಾಫ್ಟ್‌ವೇರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಬೆನ್ನುಬಿದ್ದಿದ್ದಾರೆ. ಹಾಕಿಸಲೇ? ರಾತ್ರಿ ಆಳಿಲ್ಲದೆ ರೋಬಾಟ್ ಓಡಿಸಬಹುದೇ?

ಉತ್ತರ: ಈಗಲೇ ಹಾಕಿಸಬೇಡಿ. ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ. ಇನ್ನೊಂದು ಮೂರು ತಿಂಗಳಿಗೆ ಅದು ನಿಮಗೆ ಬೇಕಾದೀತು, ಇವತ್ತಿಗೆ ಬೇಡ.

ನೀವೇ ಕೊಟ್ಟ ಲೆಕ್ಕ ನೋಡಿ. ರೋಬಾಟ್ ಕಡೆಯಿಂದ ದಿನಕ್ಕೆ 180 ಬರುತ್ತದೆ, ಗೇಟಿನಿಂದ ಆಚೆ 120 ಹೋಗುತ್ತದೆ. ಮಿಕ್ಕ 60 ಎಲ್ಲಿ ಹೋಯಿತು? ವಾರಕ್ಕೆ ಆರು ದಿನದಂತೆ ಐದು ವಾರ ಅಂದರೆ 30 ದಿನ. ದಿನಕ್ಕೆ 60ರಂತೆ 1800. ನಿಮ್ಮ ಶೆಡ್ಡಿನಲ್ಲಿ ಬಿದ್ದಿರುವುದೂ ಅಷ್ಟೇ. ಅಂದರೆ ರೋಬಾಟ್ ಬಂದ ದಿನದಿಂದ ಅದು ಜಾಸ್ತಿ ಮಾಡಿದ್ದರಲ್ಲಿ ದಿನಕ್ಕೆ ಹತ್ತು ಪೀಸ್ ಮಾತ್ರ ಪಾರ್ಟಿಗೆ ಮುಟ್ಟಿದೆ, ಉಳಿದದ್ದೆಲ್ಲ ನಿಮ್ಮಲ್ಲೇ ಕೂತಿದೆ.

ಇಷ್ಟುದ್ದ ಪತ್ರದಲ್ಲಿ ಗ್ರೈಂಡರ್‌ಗೆ ನೀವು ಕೊಟ್ಟಿರುವುದು ಒಂದೇ ಸಾಲು, 'ಒಂದೇ ಇದೆ, ಹಳೆಯದು' ಅಂತ. ನಿಮ್ಮ ಕಾರ್ಖಾನೆಯನ್ನು ಈಗ ನಡೆಸುತ್ತಿರುವುದೇ ಆ ಹಳೆಯ ಗ್ರೈಂಡರ್. ಮೊದಲು ಲೇತು ನಿಧಾನವಿತ್ತು, ಹಾಗಾಗಿ ಗ್ರೈಂಡರ್‌ನ ಮಿತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೋಬಾಟ್ ಬಂದು ಲೇತಿನ ಕಟ್ಟು ಬಿಚ್ಚಿತು, ಗಂಟು ಮುಂದಕ್ಕೆ ಜಾರಿ ಗ್ರೈಂಡರ್ ಹತ್ತಿರ ಬಿತ್ತು. ಕಂತು ಕಟ್ಟುವವರ ಕಣ್ಣು ಸಹಜವಾಗಿ ರೋಬಾಟ್ ಮೇಲೇ ಇರುತ್ತದೆ, ಅದು ನಿಂತರೆ ಹೊಟ್ಟೆಯಲ್ಲಿ ಸಂಕಟ. ಆದರೆ ಬ್ಯಾಂಕಿನ ಕಂತು ಹುಟ್ಟುವುದು ಚಲನ್ ಹರಿದ ಮಾಲಿನಿಂದ, ಟ್ರೇಯಲ್ಲಿ ಕೂತ ಮಾಲಿನಿಂದಲ್ಲ.

ಇದನ್ನು ಬುದ್ಧಿವಂತಿಕೆಗೆ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕಾಲದಲ್ಲಿ, ಒಂದು ಕಾರ್ಖಾನೆಯಲ್ಲಿ ಆಗತಾನೇ ಬಂದ ಸಿಎನ್‌ಸಿ ಯಂತ್ರ ಒಂದು ಗಂಟೆಯೂ ಖಾಲಿ ಕೂರಬಾರದೆಂದು ನಾನು ಹಟಹಿಡಿದು ಚಾರ್ಟ್ ಬರೆದೆ. ಮೂರು ಶಿಫ್ಟ್ ತುಂಬಿಸಿದೆ. ಬೆನ್ನು ತಟ್ಟಿಸಿಕೊಂಡೆ ಕೂಡ. ಆಷಾಢದ ಜಡಿಮಳೆ ಹಿಡಿದಾಗ ಒಳಗೆ ಜಾಗವಿಲ್ಲದೆ ಶೆಡ್ಡಿನ ಚಾಚಿನಡಿ ಇಟ್ಟಿದ್ದ ಟ್ರಾಲಿಗಳಲ್ಲಿ ಟರ್ನಿಂಗ್ ಆದ (ಲೇತಿನಲ್ಲಿ ಕಡೆದ) ಶಾಫ್ಟುಗಳು ಕೆಂಪಗೆ ತುಕ್ಕು ಹಿಡಿದವು. ಸೀಮೆಸುಣ್ಣದಲ್ಲಿ ಬರೆದಿದ್ದ ಲಾಟ್ ನಂಬರ್ ಅಳಿಸಿಹೋಗಿ ಯಾವುದು ಯಾವ ಪಾರ್ಟಿಯದೆಂದು ಗೊತ್ತಾಗಲಿಲ್ಲ. ಎರಡು ದಿನ ಎಮರಿ ಕಾಗದ ಹಿಡಿದು ಉಜ್ಜಿದವರಲ್ಲಿ ನಾನೂ ಒಬ್ಬ.

ತಡವಾಗುವುದಕ್ಕೂ ರಾಶಿಗೂ ಇರುವ ನಂಟು ಬಹಳ ನೇರ. 1961ರಲ್ಲಿ ಜಾನ್ ಲಿಟ್ಲ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ ಸೂತ್ರವೊಂದಿದೆ: ಒಳಗಿರುವ ಮಾಲನ್ನು ದಿನಕ್ಕೆ ಹೊರಹೋಗುವ ಮಾಲಿನಿಂದ ಭಾಗಿಸಿದರೆ, ಒಂದು ಪೀಸ್ ಒಳಗೆ ಕಳೆಯುವ ಸರಾಸರಿ ದಿನ ಸಿಗುತ್ತದೆ. 1800ನ್ನು 120ರಿಂದ ಭಾಗಿಸಿ. 15. ನಿಮ್ಮ ಹದಿನೈದು ದಿನ ಬಂದದ್ದು ಇಲ್ಲಿಂದ. ಅದರಲ್ಲಿ ಆಪರೇಟರ್ ಸೋಮಾರಿತನವೂ ಇಲ್ಲ, ಸೂಪರ್‌ವೈಸರ್ ತಪ್ಪೂ ಇಲ್ಲ. ಎಂಟೇ ದಿನದಲ್ಲಿ ಕೊಡಬೇಕಾದರೆ ಒಳಗೆ 960 ಪೀಸ್‌ಗಿಂತ ಜಾಸ್ತಿ ಇರಬಾರದು. 840 ಇಳಿಸಬೇಕು.

ಇಳಿಸುವುದು ಹೇಗೆ? ಇನ್ನು ಹದಿನಾಲ್ಕು ಕೆಲಸದ ದಿನ ರೋಬಾಟ್‌ಗೆ ದಿನಕ್ಕೆ 60 ಪೀಸ್‌ಗೆ ಮಾತ್ರ ಸ್ಟೀಲ್ ಬಾರ್ ಕೊಡಿ. ಅದೂ ಈ ಎರಡು ವಾರದಲ್ಲಿ ಯಾರಿಗೆ ಬೇಕೋ ಅವರ ಪೀಸ್ ಮಾತ್ರ. ಗ್ರೈಂಡರ್ 120 ತೆಗೆಯುತ್ತಲೇ ಇರಲಿ. ಹದಿನಾಲ್ಕನೇ ದಿನ ಸಂಜೆಗೆ ನೀವು 960ಕ್ಕೆ ಬಂದಿರುತ್ತೀರಿ. ಅಲ್ಲಿಂದಾಚೆ ಒಂದೇ ನಿಯಮ: ಗ್ರೈಂಡರ್ ಇವತ್ತು ಎಷ್ಟು ಮುಗಿಸಿತೋ ನಾಳೆ ಅಷ್ಟೇ ಕಚ್ಚಾ ಬಾರ್ ಒಳಗೆ ಬಿಡುವುದು. ಗ್ರೈಂಡರ್ ತಮಟೆ ಬಾರಿಸುತ್ತದೆ, ಉಳಿದವರು ಆ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಗ್ರೈಂಡರ್ ಮುಂದೆ ಒಂದೂವರೆ ದಿನದ ಕೆಲಸ, ಅಂದರೆ 180 ಪೀಸ್, ಯಾವಾಗಲೂ ಕಾದಿರಲಿ. ಹಾರ್ಡನಿಂಗ್‌ನಿಂದ ಲಗೇಜ್ ಆಟೊ ಒಂದು ದಿನ ತಡವಾಗಿ ಬಂದರೂ ಗ್ರೈಂಡರ್ ಕೈಕಟ್ಟಿ ಕೂರಬಾರದಲ್ಲ, ಅದಕ್ಕೆ. ಬೇರೆಲ್ಲೂ ರಾಶಿ ಬೇಡ.

ರೋಬಾಟ್ ಖಾಲಿ ನಿಂತಾಗ ನಿಮಗೆ ಕೈ ತುರಿಸುತ್ತದೆ, ಗೊತ್ತು. ಆಗ ದಾವಣಗೆರೆಗೆ ಬಂದು ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿನ ಕಾವಲಿ ಎದುರು ಹತ್ತು ನಿಮಿಷ ನಿಂತು ನೋಡಿ. ಭಾನುವಾರ ಬೆಳಿಗ್ಗೆ ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ದೋಸೆ ಹುಯ್ಯುವವನು ಕಾವಲಿಯಲ್ಲಿ ಜಾಗವಿದ್ದಷ್ಟೇ ಹುಯ್ಯುತ್ತಾನೆ. ಹಿಟ್ಟು ಬಕೆಟ್‌ನಲ್ಲೇ ಇರುತ್ತದೆ. ಬಕೆಟ್‌ನಲ್ಲಿರುವ ತನಕ ಆ ಹಿಟ್ಟು ಖಾಲಿ ದೋಸೆಯೂ ಆಗಬಹುದು, ಓಪನ್ ದೋಸೆಯೂ ಆಗಬಹುದು. ಹುಯ್ದ ಮೇಲೆ ಅದು ಅದೇ. ನಿಮ್ಮ ಸ್ಟೀಲ್ ಬಾರ್ ಕೂಡ ಹಾಗೇ. ಕತ್ತರಿಸದೆ ಇರುವಾಗ ನಾಳೆ ಯಾವ ಪಾರ್ಟಿ ಫೋನ್ ಮಾಡಿದರೂ ಅವರ ಶಾಫ್ಟ್ ಆಗಬಲ್ಲದು. ಕತ್ತರಿಸಿ ಟರ್ನಿಂಗ್ ಮಾಡಿಟ್ಟಿರೋ, ಯಾರೂ ಕೇಳದ 1800ರಲ್ಲಿ ಅದೂ ಒಂದು.

ಇನ್ನು ಗ್ರೈಂಡರ್‌ಗೆ ಬನ್ನಿ. ಸಾಫ್ಟ್‌ವೇರ್‌ಗೆ ಇಡುವ ಗಮನ, ದುಡ್ಡು ಎರಡೂ ಇಲ್ಲಿಗೆ ಬರಲಿ. ಎಂಟು ಗಂಟೆಯ ಶಿಫ್ಟಿನಲ್ಲಿ ಊಟಕ್ಕೆ ಅರ್ಧ ಗಂಟೆ, ಎರಡು ಸಲ ಟೀಗೆ ಕಾಲುಕಾಲು ಗಂಟೆ ಹೋದರೆ ಉಳಿಯುವುದು ಏಳು ಗಂಟೆ, ಅಂದರೆ 420 ನಿಮಿಷ. 120 ಪೀಸ್ ಬರುತ್ತಿದೆಯೆಂದರೆ ಪೀಸಿಗೆ ಮೂರೂವರೆ ನಿಮಿಷ. ಆಪರೇಟರ್ ಊಟಕ್ಕೆ, ಟೀಗೆ ಹೋದಾಗ ಆ ಜಾಗಕ್ಕೆ ಇನ್ನೊಬ್ಬ ಬಂದು ನಿಂತರೆ ದಿನಕ್ಕೆ ಒಂದು ಗಂಟೆ ಸಿಗುತ್ತದೆ, ಅದು 17 ಪೀಸ್. ಒಂದು ಪೈಸೆ ಬಂಡವಾಳವಿಲ್ಲದೆ ಡಿಸ್ಪ್ಯಾಚ್ 120ರಿಂದ 137. ಲೇತಿನ ಹುಡುಗನಿಗೆ ರೋಬಾಟ್ ಬಂದ ಮೇಲೆ ಕೈ ಬಿಡುವಾಗಿದೆಯಲ್ಲ, ಅವನಿಗೇ ಗ್ರೈಂಡಿಂಗ್ ಕಲಿಸಿ. ಎರಡನೆಯದು, ಮೈಕ್ರೋಮೀಟರ್ ಹಿಡಿದು ಅಳೆಯುವ ಕೆಲಸ ಗ್ರೈಂಡಿಂಗ್‌ಗೆ ಮುಂಚೆಯೇ ಒಂದು ಸಲ ಆಗಲಿ. ಟರ್ನಿಂಗ್‌ನಲ್ಲೇ ಅಂಡರ್‌ಸೈಜ್ ಆದ ಪೀಸನ್ನು ಗ್ರೈಂಡ್ ಮಾಡಿ ಆಮೇಲೆ ರಿಜೆಕ್ಟ್ ಮಾಡಿದರೆ ನೀವು ಕಳೆದುಕೊಂಡದ್ದು ಬರೀ ಪೀಸಿನ ಬೆಲೆಯಲ್ಲ, ಮತ್ತೆ ಸಿಗದ ಮೂರೂವರೆ ನಿಮಿಷ ಕೂಡ. ಸೆಟ್ಟಿಂಗ್ ಬದಲಿಸುವಾಗ ಪೀಸ್ ಹಿಡಿಯಲು ಬೇಕಾಗುವ ಸೆಂಟರ್, ಡಾಗ್, ಅಳೆಯುವ ಗೇಜ್ ಎಲ್ಲ ಹಿಂದಿನ ಲಾಟ್ ಓಡುತ್ತಿರುವಾಗಲೇ ಟೇಬಲ್ ಮೇಲೆ ಬಂದಿರಬೇಕು. ಟೊಯೊಟಾದಲ್ಲಿ 1000 ಟನ್ ಪ್ರೆಸ್ಸಿನ ಡೈ ಬದಲಿಸಲು ಹಿಡಿಯುತ್ತಿದ್ದ ನಾಲ್ಕು ಗಂಟೆಯನ್ನು ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಮೊದಲು ಒಂದೂವರೆ ಗಂಟೆಗೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಿದರು. ಅದರ ಅರ್ಧ ಗುಟ್ಟು ಇಷ್ಟೇ: ಯಂತ್ರ ಓಡುತ್ತಿರುವಾಗ ಮಾಡಬಹುದಾದ ಕೆಲಸವನ್ನು ಅದು ನಿಂತ ಮೇಲೆ ಮಾಡಬಾರದು.

ಈಗ ರೋಬಾಟ್ ಸುಮ್ಮನೆ ನಿಲ್ಲುವ ವಿಚಾರ. ಅದು ಕೆಟ್ಟಿಲ್ಲ. ಶಾಫ್ಟ್ ಓಡುವಾಗ ಮಾತ್ರ ನಿಲ್ಲುತ್ತದೆ, ಕೈಯಿಂದ ಒಂದು ಪೀಸ್ ತೆಗೆದರೆ ಹೊರಡುತ್ತದೆ ಅಂತ ನೀವು ಬರೆದದ್ದರಲ್ಲೇ ಉತ್ತರವಿದೆ. ನಿಮ್ಮ ಶಾಫ್ಟಿನ ದಾರಿ ಬಹುಶಃ ಹೀಗಿದೆ: ಲೇತಿನಲ್ಲಿ ಒಂದು ಕಡೆ ಟರ್ನಿಂಗ್, ವಿಎಂಸಿಯಲ್ಲಿ ಕೀವೇ (ಕೀ ಕೂರುವ ಸೀಳು), ಮತ್ತೆ ಲೇತಿಗೆ ಬಂದು ಇನ್ನೊಂದು ಕಡೆ. ಅಂದರೆ ಲೇತಿಗೆ ಎರಡು ಸಲ ಬರುತ್ತದೆ. ಮುಂದಿನ ಸಲ ನಿಂತಾಗ ಬಾಗಿಲ ಗಾಜಿನಲ್ಲಿ ಇಣುಕಿ ನೋಡಿ. ಲೇತಿನ ಚಕ್‌ನಲ್ಲಿ ಮೊದಲ ಕಡೆ ಮುಗಿದ ಶಾಫ್ಟ್ ಇರುತ್ತದೆ, ಅದಕ್ಕೆ ವಿಎಂಸಿಗೆ ಹೋಗಬೇಕು. ವಿಎಂಸಿ ಫಿಕ್ಸ್ಚರ್‌ನಲ್ಲಿ ಕೀವೇ ಮುಗಿದ ಶಾಫ್ಟ್ ಇರುತ್ತದೆ, ಅದಕ್ಕೆ ಲೇತಿಗೆ ಬರಬೇಕು. ರೋಬಾಟ್‌ಗೆ ಒಂದೇ ಕೈ. ನೀನು ಮೊದಲು ಏಳು ಅಂತ ಇದು, ನೀನೇ ಏಳು ಅಂತ ಅದು. ಯಾರೂ ತಪ್ಪು ಮಾಡಿಲ್ಲ, ಪ್ರತಿಯೊಂದೂ ತನ್ನ ಪ್ರೋಗ್ರಾಂ ಪ್ರಕಾರ ಸರಿಯಾಗಿ ಕಾಯುತ್ತಿದೆ, ಅಲಾರಂ ಹೊಡೆಯಲು ಕಾರಣವೇ ಇಲ್ಲ. ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಇಂಥ ಸಿಕ್ಕುಗಳನ್ನು ಮೊದಲೇ ಕಾಗದದ ಮೇಲೆ ಹಿಡಿಯಲು ಎಂಜಿನಿಯರುಗಳು ಬಳಸುವ ಚಿತ್ರಪದ್ಧತಿ, ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ಅಡಿಪಾಯ ಹಾಕಿದ್ದು. ವೃತ್ತ, ಗೆರೆ, ಅವುಗಳ ನಡುವೆ ಓಡಾಡುವ ಹರಳು, ಹೆಚ್ಚು ಕಡಿಮೆ ಚೌಕಾಬಾರದ ಕಾಯಿ ನಡೆಸಿದ ಹಾಗೆ.

ನಿಮಗೆ ಅಷ್ಟು ದೂರ ಹೋಗಬೇಕಿಲ್ಲ. ಸುತ್ತಿನಲ್ಲಿ ಎಷ್ಟು ಜಾಗವಿದೆಯೋ ಅದಕ್ಕಿಂತ ಒಂದು ಕಡಿಮೆ ಪೀಸ್ ಬಿಟ್ಟರೆ ಸಿಕ್ಕು ಬೀಳುವುದೇ ಇಲ್ಲ. ಈಗ ಲೇತು, ವಿಎಂಸಿ ಸೇರಿ ಎರಡು ಜಾಗ, ಹಾಗಾಗಿ ಒಂದೇ ಶಾಫ್ಟ್ ಬಿಡಬಹುದು, ಅದು ನಷ್ಟ. ರೋಬಾಟ್‌ನ ಕೈಗೆ ಎಟುಕುವ ಕಡೆ ಶಾಫ್ಟ್ ಇಡಲು ಒಂದು ವಿ-ಬ್ಲಾಕ್ ಸ್ಟ್ಯಾಂಡ್ ಬೋಲ್ಟ್ ಮಾಡಿಸಿ. ಮೂರು ಜಾಗವಾಯಿತು, ಎರಡು ಶಾಫ್ಟ್ ಆರಾಮಾಗಿ ಓಡುತ್ತವೆ. ವಿಎಂಸಿಯದನ್ನು ಸ್ಟ್ಯಾಂಡಿಗೆ, ಲೇತಿನದನ್ನು ವಿಎಂಸಿಗೆ, ಸ್ಟ್ಯಾಂಡಿನದನ್ನು ಲೇತಿಗೆ. ಪಿಎಲ್‌ಸಿಯಲ್ಲಿ (ಯಂತ್ರ, ರೋಬಾಟ್‌ಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಒಂದು ಕೌಂಟರ್ ಹಾಕಿಸಿ: ಹೊಸ ಶಾಫ್ಟ್ ಒಳಗೆ ಹೋದರೆ ಒಂದು ಕೂಡು, ಪೂರ್ತಿ ಮುಗಿದು ಹೊರಬಂದರೆ ಒಂದು ಕಳೆ, ಎರಡಾದರೆ ಹೊಸದನ್ನು ಎತ್ತಬೇಡ. ಒಂದು ಎಚ್ಚರಿಕೆ, ಇದನ್ನು ಹತ್ತರಲ್ಲಿ ಒಂಬತ್ತು ಕಡೆ ಮರೆಯುತ್ತಾರೆ. ಆಪರೇಟರ್ ಕೈಯಿಂದ ಪೀಸ್ ತೆಗೆದಾಗ ಕೌಂಟರ್‌ಗೆ ಅದು ಗೊತ್ತಾಗುವುದಿಲ್ಲ, ಇನ್ನೂ ಎರಡಿದೆ ಅಂತಲೇ ತಿಳಿದು ರೋಬಾಟ್ ಕಾಯುತ್ತಲೇ ಇರುತ್ತದೆ. ಪ್ಯಾನೆಲ್ ಮೇಲೆ 'ಕೈಯಿಂದ ತೆಗೆದೆ' ಎಂಬ ಒಂದು ಬಟನ್ ಇಡಿಸಿ. ಎರಡು ಹಿಡಿಕೆಯ ಗ್ರಿಪ್ಪರ್ ಹಾಕಿದರೂ ಇದೇ ಉಪಕಾರ, ಖರ್ಚು ಜಾಸ್ತಿ.

ರಾಶಿ ಇಳಿದ ಮೇಲೆ ಯಾವ ಲಾಟ್ ಮೊದಲು ಎಂಬ ಪ್ರಶ್ನೆ ಬರುತ್ತದೆ. ಶೆಡ್ಯೂಲಿಂಗ್ ಅನ್ನುವುದು ಶುರುವಾಗುವುದೇ ಆಗ. ಈಗ ಗ್ರೈಂಡರ್ ಮುಂದೆ ಗುಡ್ಡವೇ ಇರುವಾಗ ಲೇತಿನಲ್ಲಿ ಯಾವುದು ಮೊದಲು ಹೋದರೂ ವ್ಯತ್ಯಾಸ ಕಾಣುವುದಿಲ್ಲ. ಹಾರ್ಡನಿಂಗ್ ಬೇಡದ ಐದು ಲಾಟ್ ಇವೆ ಎಂದುಕೊಳ್ಳಿ. ರೋಬಾಟ್ ಸೆಲ್ಲಿಗೆ (ರೋಬಾಟ್, ಲೇತು, ವಿಎಂಸಿ ಸೇರಿ), ಆಮೇಲೆ ಗ್ರೈಂಡರ್‌ಗೆ ಬೇಕಾದ ಗಂಟೆಗಳು: ಫ್ಲ್ಯಾಂಜ್ 6 ಮತ್ತು 2, ಶಾಫ್ಟ್ 3 ಮತ್ತು 7, ಬುಷ್ 5 ಮತ್ತು 4, ಹಬ್ 2 ಮತ್ತು 5, ಕವರ್ 4 ಮತ್ತು 6. ಆರ್ಡರ್ ಬಂದ ಕ್ರಮದಲ್ಲೇ ಹಾಕಿದರೆ ಕೊನೆಯ ಕವರ್ ಗ್ರೈಂಡರ್‌ನಿಂದ ಇಳಿಯುವುದು 31ನೇ ಗಂಟೆಗೆ, ಯಾಕೆಂದರೆ ಮೊದಲ ಫ್ಲ್ಯಾಂಜ್‌ಗಾಗಿ ಗ್ರೈಂಡರ್ ಆರು ಗಂಟೆ ಸುಮ್ಮನೆ ಕಾಯುತ್ತದೆ, ನಡುವೆ ಇನ್ನೊಂದು ಗಂಟೆ. ಅದೇ ಐದು ಲಾಟನ್ನು ಹಬ್, ಶಾಫ್ಟ್, ಕವರ್, ಬುಷ್, ಫ್ಲ್ಯಾಂಜ್ ಅಂತ ಹಾಕಿ ನೋಡಿ. 26ನೇ ಗಂಟೆಗೆ ಎಲ್ಲ ಮುಗಿಯುತ್ತದೆ. ಅದೇ ಯಂತ್ರ, ಅದೇ ಜನ, ಐದು ಗಂಟೆ ಉಳಿತಾಯ.

ಈ ಕ್ರಮ ಸಿಗುವ ಬಗೆಯನ್ನು 1954ರಲ್ಲಿ ಗಣಿತಜ್ಞ ಎಸ್.ಎಂ. ಜಾನ್ಸನ್ ಕೊಟ್ಟರು. ಪಟ್ಟಿಯಲ್ಲಿ ಅತಿ ಚಿಕ್ಕ ಸಂಖ್ಯೆ ಹುಡುಕಿ. ಅದು ಮೊದಲ ಯಂತ್ರದ್ದಾದರೆ ಆ ಲಾಟನ್ನು ಸಾಲಿನ ತಲೆಗೆ ಹಾಕಿ, ಎರಡನೇ ಯಂತ್ರದ್ದಾದರೆ ಬಾಲಕ್ಕೆ ಹಾಕಿ. ಅದನ್ನು ಹೊಡೆದುಹಾಕಿ ಉಳಿದದ್ದರಲ್ಲಿ ಮತ್ತೆ ಹುಡುಕಿ. (ಇಲ್ಲಿ 2 ಎರಡು ಕಡೆ ಇದೆ: ಹಬ್ ತಲೆಗೆ, ಫ್ಲ್ಯಾಂಜ್ ಬಾಲಕ್ಕೆ.) ಆದರೆ ಇದು ಎರಡು ಯಂತ್ರದ ಲೆಕ್ಕ, ಕೊಟ್ಟ ಮಾತಿನ ತಾರೀಕು ಇದಕ್ಕೆ ಕಾಣುವುದಿಲ್ಲ. ಪಾರ್ಟಿ ಕುತ್ತಿಗೆ ಮೇಲೆ ಕೂತಿರುವ ವಾರದಲ್ಲಿ ತಾರೀಕು ಹತ್ತಿರವಿದ್ದದ್ದು ಮೊದಲು ಎಂಬ ಹಳೇ ನಿಯಮವೇ ಸಾಕು. ಒಂದೇ ಯಂತ್ರದ ಮುಂದಿನ ಸಾಲಿಗೆ, ಎಲ್ಲ ಮಾಲೂ ಕೈಯಲ್ಲಿದ್ದಾಗ, ಅತಿ ಹೆಚ್ಚು ತಡವಾಗುವ ಲಾಟಿನ ತಡವನ್ನು ಕಡಿಮೆ ಮಾಡಲು ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ.

ಹೊಸ ಆರ್ಡರ್‌ಗೆ ತಾರೀಕು ಕೊಡುವಾಗ ಗ್ರೈಂಡರ್ ಪುಸ್ತಕ (ಅದರ ವಿಚಾರ ಕೊನೆಯಲ್ಲಿದೆ) ನೋಡಿ ಕೊಡಿ, ಬಾಯಿಗೆ ಬಂದದ್ದಲ್ಲ. ಗ್ರೈಂಡರನ್ನೂ ಕಂಠಮಟ್ಟ ತುಂಬಬೇಡಿ. ಕೆಲಸ ಹೊತ್ತಿಲ್ಲದ ಹೊತ್ತಿನಲ್ಲಿ ಬರುವ, ಒಂದೊಂದು ಒಂದೊಂದು ಹೊತ್ತು ಹಿಡಿಯುವ ಕಡೆ, ಕ್ಯೂ ಶಾಸ್ತ್ರದ ಸರಳ ಲೆಕ್ಕ ಹೀಗಿದೆ: ಯಂತ್ರ ಶೇ. 80 ತುಂಬಿದ್ದರೆ ಒಂದು ಜಾಬ್ ತನ್ನ ಕೆಲಸದ ಹೊತ್ತಿನ ನಾಲ್ಕರಷ್ಟು ಕಾಯುತ್ತದೆ. ಶೇ. 90ಕ್ಕೆ ಒಂಬತ್ತರಷ್ಟು, ಶೇ. 95ಕ್ಕೆ ಹತ್ತೊಂಬತ್ತರಷ್ಟು. ಕೊನೆಯ ಐದು ಪರ್ಸೆಂಟ್‌ನ ಆಸೆಗೆ ಕಾಯುವುದು ಎರಡು ಪಟ್ಟಾಯಿತು.

ಕರೆಂಟ್ ಹೋದರೆ, ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಮುರಿದರೆ, ಪಾರ್ಟಿ ಅರ್ಜೆಂಟ್ ಅಂದರೆ ಇಡೀ ಪಟ್ಟಿಯನ್ನು ಕಲಸಬೇಡಿ. ಮುಂದಿನ ಒಂದು ಶಿಫ್ಟಿನ ಪಟ್ಟಿಗೆ ಬೀಗ ಹಾಕಿ, ಏನೇ ಬದಲಾವಣೆಯಾದರೂ ಅದರ ಆಚೆಗೆ. ಗಂಟೆಗೊಮ್ಮೆ ಬದಲಾಗುವ ಪಟ್ಟಿಯನ್ನು ಆಪರೇಟರ್ ನೋಡುವುದನ್ನೇ ಬಿಡುತ್ತಾನೆ, ಆಮೇಲೆ ಅವನದೇ ಶೆಡ್ಯೂಲು.

ಸಾಫ್ಟ್‌ವೇರ್ ಮಾರುವವರು 'ಅತ್ಯುತ್ತಮ ಶೆಡ್ಯೂಲ್' ಅನ್ನುತ್ತಾರೆ. 1963ರಲ್ಲಿ ಹತ್ತು ಜಾಬ್, ಹತ್ತು ಯಂತ್ರದ ಒಂದು ಲೆಕ್ಕ ಅಚ್ಚಾಯಿತು. ಅದಕ್ಕೆ 930ಕ್ಕಿಂತ ಕಡಿಮೆ ಹೊತ್ತಿನ ಶೆಡ್ಯೂಲ್ ಇಲ್ಲವೆಂದು ಸಾಧಿಸಲು 1989ರ ತನಕ, ಇಪ್ಪತ್ತಾರು ವರ್ಷ ಹಿಡಿಯಿತು. ಈಗಿನ ಕಂಪ್ಯೂಟರಿನಲ್ಲಿ ಅದು ದೊಡ್ಡ ಮಾತಲ್ಲ, ಗೂಗಲ್‌ನ ಓಆರ್-ಟೂಲ್ಸ್‌ನಂಥ ಉಚಿತ ಸಲಕರಣೆಯೇ ಸಾಕು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಕೊನೆಯ ವರ್ಷದ ಹುಡುಗರಿಗೆ ಪ್ರಾಜೆಕ್ಟ್ ಅಂತ ಕೊಟ್ಟರೆ ಖುಷಿಯಿಂದ ಮಾಡಿಕೊಡುತ್ತಾರೆ. ಆದರೆ ಅವರು ಮೊದಲು ಕೇಳುವುದೇ 'ಗ್ರೈಂಡಿಂಗ್‌ಗೆ ಪೀಸಿಗೆ ಎಷ್ಟು ನಿಮಿಷ, ಸೆಟ್ಟಿಂಗ್‌ಗೆ ಎಷ್ಟು' ಅಂತ. ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ, ಮೂರೂವರೆ ನಿಮಿಷ ನಾನು ಭಾಗಿಸಿ ತೆಗೆದದ್ದು. ತಪ್ಪು ನಿಮಿಷ ತುಂಬಿಸಿದರೆ ಸಾಫ್ಟ್‌ವೇರ್ ಅದೇ ತಪ್ಪನ್ನು ಬಣ್ಣಬಣ್ಣದ ಪಟ್ಟಿಯಾಗಿ ಟಿವಿ ಪರದೆ ಮೇಲೆ ತೋರಿಸುತ್ತದೆ.

ರಾತ್ರಿ ಆಳಿಲ್ಲದೆ ಓಡಿಸುವುದು ಸದ್ಯಕ್ಕೆ ಬೇಡ, ರಾಶಿಗೆ ದಿನಕ್ಕೆ 60 ಸೇರುವ ಕಡೆ ನೂರು ಸೇರುತ್ತದೆ ಅಷ್ಟೇ. ಮುಂದೆ ಎರಡನೇ ಗ್ರೈಂಡರ್ ಬಂದರೆ ಓಡಿಸಿ. ಆಗ ಸೈಕಲ್ ಟೈಮ್ ಉದ್ದವಿರುವ, ವರ್ಷಗಟ್ಟಲೆ ಮಾಡಿ ಪಳಗಿದ ಜಾಬ್‌ಗಳನ್ನು ರಾತ್ರಿಗೆ ಇಟ್ಟು, ಪದೇಪದೇ ಸೆಟ್ಟಿಂಗ್ ಬೇಡುವ ಚಿಲ್ಲರೆ ಲಾಟ್‌ಗಳನ್ನು ಜನ ಇರುವ ಹಗಲಿಗೆ ಇಡಿ. ಒಂದು ಇನ್ಸರ್ಟ್ 50 ಪೀಸ್ ಬಾಳುವುದಾದರೆ ರಾತ್ರಿ 80 ಪೀಸ್‌ಗೆ ಟರೆಟ್‌ನಲ್ಲಿ (ಲೇತಿನ ಟೂಲ್ ಹಿಡಿಯುವ ತಿರುಗುತಲೆ) ಅಂಥದೇ ಎರಡು ಟೂಲ್ ಇರಬೇಕು, 50 ಆದ ಕೂಡಲೇ ಯಂತ್ರ ತಾನೇ ಎರಡನೆಯದಕ್ಕೆ ಹೋಗುವಂತೆ ಎಣಿಕೆ ಹಾಕಿರಬೇಕು.

ನಾಳೆಯಿಂದ ಗ್ರೈಂಡರ್ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ಕು ದಾರ ಕಟ್ಟಿ ತೂಗುಹಾಕಿ, ದಾರದ ತುದಿಗೆ ಪೆನ್ನೂ ಇರಲಿ, ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಮಾಯವಾಗುತ್ತದೆ. ಲಾಟ್, ಶುರುವಾದ ಹೊತ್ತು, ಮುಗಿದ ಹೊತ್ತು, ನಿಂತಿದ್ದರೆ ಯಾಕೆ. ವೀಲ್ ಡ್ರೆಸ್ಸಿಂಗ್‌ಗೆ (ಸಾಣೆಚಕ್ರದ ಮುಖ ಹದ ಮಾಡುವುದಕ್ಕೆ) ಬೇರೆ ಕಾಲಂ ಮಾಡಿ, ನನಗೆ ಅನುಮಾನ ಇರುವುದು ಅಲ್ಲೇ. ಹತ್ತು ದಿನ ಬರೆಸಿ ಪುಟಗಳ ಫೋಟೊ ಕಳಿಸಿ.